ಪದ ಪರಿಚಯ: ಲಿಯೇಸಾನ್ ಲೈಬ್ರೇರಿಯನ್

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದೋ ಎರಡೋ ಅಧ್ಯಯನ ವಿಭಾಗಗಳ ಹೊಣೆ ಹೊತ್ತು, ಅವುಗಳಿಗೂ ಗ್ರಂಥಾಲಯಕ್ಕೂ ನಡುವೆ ಓಡಾಡುವವರನ್ನು ಲಿಯೇಸಾನ್ ಲೈಬ್ರೇರಿಯನ್ ಎನ್ನುತ್ತಾರೆ. ಕನ್ನಡದಲ್ಲಿ 'ಸಂಪರ್ಕ ಗ್ರಂಥಪಾಲಕ' ಎನ್ನಬಹುದು. ಲಿಯೇಸಾನ್ ಎಂಬುದು ಫ್ರೆಂಚ್ ಮಾತು. ಕಟ್ಟು, ಬೆಸೆ ಎಂಬರ್ಥದ ಕ್ರಿಯಾಪದದಿಂದ ಬಂದದ್ದು. ಫ್ರೆಂಚ್ ಉಚ್ಚಾರಣೆಯ ಒಂದು ನಿಯಮಕ್ಕೂ ಇದೇ ಹೆಸರಿದೆ. ಪದದ ಕೊನೆಯಲ್ಲಿ ಸದ್ದಿಲ್ಲದೆ ಕೂತಿದ್ದ ವ್ಯಂಜನ, ಮುಂದಿನ ಪದ ಸ್ವರದಿಂದ ಶುರುವಾದಾಗ ಕೇಳಿಸತೊಡಗುತ್ತದೆ. ನಮ್ಮ ಸಂಧಿಗೆ ದೂರದ ನೆಂಟ ಎನ್ನಿ. ಕಪಾಟಿನಲ್ಲಿ ಸುಮ್ಮನಿದ್ದ ಪುಸ್ತಕವನ್ನು ತಕ್ಕ ಪಾಠದ ಪಕ್ಕ ತಂದು ನಿಲ್ಲಿಸುವ ಈ ಕೆಲಸಕ್ಕೆ ಆ ಅರ್ಥ ಚೆನ್ನಾಗಿಯೇ ಒಪ್ಪುತ್ತದೆ.

'ಸಬ್ಜೆಕ್ಟ್ ಲೈಬ್ರೇರಿಯನ್' ಎಂಬ ಹೆಸರೂ ಬಳಕೆಯಲ್ಲಿದೆ. ಅದರಲ್ಲಿ ಒತ್ತು ವಿಷಯಜ್ಞಾನದ ಮೇಲೆ, ಇದರಲ್ಲಿ ಒಡನಾಟದ ಮೇಲೆ.

ಹೊಸ ಕೋರ್ಸೊಂದನ್ನೇ ತೆಗೆದುಕೊಳ್ಳಿ. ಪಠ್ಯಕ್ರಮದ ಕರಡು ಒಪ್ಪಿಗೆಗೆ ಹೋಗುವ ಮೊದಲೇ ಅದರ ಓದುಪಟ್ಟಿ ಗ್ರಂಥಪಾಲಕರ ಕೈಗೆ ಬರಬೇಕು. ಅವರು ಒಂದೊಂದು ಶೀರ್ಷಿಕೆಯನ್ನೂ ಕ್ಯಾಟಲಾಗಿನಲ್ಲಿ ಹುಡುಕಿ ನೋಡುತ್ತಾರೆ. ಪುಸ್ತಕ ಇದೆಯೇ, ಎಷ್ಟನೇ ಆವೃತ್ತಿ, ಎಷ್ಟು ಪ್ರತಿ, ಇ-ಪುಸ್ತಕವಾದರೆ ಏಕಕಾಲಕ್ಕೆ ಎಷ್ಟು ಮಂದಿ ತೆರೆಯಬಹುದು? ಎಡವುವುದು ಬಹುಪಾಲು ಈ ಕೊನೆಯ ಪ್ರಶ್ನೆಯಲ್ಲೇ. ಒಬ್ಬರಿಗಷ್ಟೇ ಲೈಸೆನ್ಸ್ ಇರುವ ಇ-ಪುಸ್ತಕವನ್ನು 60 ಮಂದಿಯ ತರಗತಿಗೆ ಹೇಳಿದರೆ, ಅಸೈನ್‌ಮೆಂಟ್ ಕೊಡಬೇಕಾದ ಹಿಂದಿನ ರಾತ್ರಿ ಒಬ್ಬರು ಓದುತ್ತಿರುತ್ತಾರೆ, ಉಳಿದ 59 ಮಂದಿ ಕಾಯುತ್ತಿರುತ್ತಾರೆ. ಕ್ಯಾಟಲಾಗಿನಲ್ಲಿ ನೋಡಿದವರಿಗೆ ಮಾತ್ರ ಪುಸ್ತಕ ಇದೆ ಎಂದೇ ಕಾಣುವುದರಿಂದ, ದೂರು ಬರುವ ತನಕ ಇದು ಗೊತ್ತೇ ಆಗದಿರಬಹುದು.

ಹೀಗೆ ತಡೆಯಾದ ಪ್ರಯತ್ನಗಳ ಲೆಕ್ಕ ಪ್ರಕಾಶಕರು ಕೊಡುವ 'ಕೌಂಟರ್' (ಇ-ಪುಸ್ತಕ, ಇ-ಜರ್ನಲ್‌ಗಳ ಬಳಕೆಯನ್ನು ಎಲ್ಲರೂ ಒಂದೇ ರೀತಿ ಎಣಿಸಲು ಇರುವ) ಮಾನದಂಡದ ಬಳಕೆ ವರದಿಗಳಲ್ಲಿ ಸಿಗುತ್ತದೆ. ಅಲ್ಲಿನ ಎರಡು ಅಂಕಿಗಳನ್ನು ಕಲಸಿಕೊಳ್ಳಬಾರದು. 'ಲಿಮಿಟ್ ಎಕ್ಸೀಡೆಡ್' ಎಂದಿದ್ದರೆ ಕೃತಿ ನಮ್ಮಲ್ಲಿದೆ, ಬಳಕೆದಾರರ ಮಿತಿ ಮೀರಿದೆ, ಲೈಸೆನ್ಸ್ ಹಿಗ್ಗಿಸಬೇಕು. 'ನೋ ಲೈಸೆನ್ಸ್' ಎಂದಿದ್ದರೆ ನಾವು ಅದನ್ನು ಕೊಂಡೇ ಇಲ್ಲ; ಕೊಳ್ಳಬೇಕೇ ಎಂದು ವಿಭಾಗವನ್ನು ಕೇಳಬೇಕು.

ಜರ್ನಲ್‌ಗಳ ಚಂದಾ ನಿಲ್ಲಿಸುವಾಗ ಸಂಪರ್ಕದ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಚಂದಾ ಹಣವನ್ನು ಬಳಕೆಯ ಸಂಖ್ಯೆಯಿಂದ ಭಾಗಿಸಿ, ದುಬಾರಿಯಾದದ್ದನ್ನು ಕೈಬಿಡುವುದು ರೂಢಿ. ಆದರೆ ವರ್ಷಕ್ಕೆ ಎಂಟೇ ಸಲ ತೆರೆದ ಜರ್ನಲ್ ಒಂದು ಸಣ್ಣ ಸಂಶೋಧನಾ ಕ್ಷೇತ್ರದ ಏಕೈಕ ಆಧಾರವಾಗಿರಬಹುದು. ಅದನ್ನು ವರದಿ ಹೇಳುವುದಿಲ್ಲ, ಆ ಕ್ಷೇತ್ರದಲ್ಲಿ ದುಡಿಯುವವರೇ ಹೇಳಬೇಕು. ಚಂದಾ ಸಾಮಾನ್ಯವಾಗಿ ಜನವರಿಯಿಂದ ಡಿಸೆಂಬರ್‌ವರೆಗೆ ಇರುವುದರಿಂದ, ಕೈಬಿಡಬೇಕೆಂದಿರುವ ಜರ್ನಲ್‌ಗಳ ಪಟ್ಟಿಯನ್ನು ವಿಭಾಗಕ್ಕೆ ನವೆಂಬರಿನಲ್ಲಿ ಕಳಿಸಿದರೆ ಕಾಲ ಮಿಂಚಿರುತ್ತದೆ. ವರ್ಷದ ನಡುವಿನಲ್ಲೇ ಕಳಿಸಬೇಕು.

ಉತ್ತರ ಅಮೆರಿಕದ ಸಂಶೋಧನಾ ಗ್ರಂಥಾಲಯಗಳ ಒಕ್ಕೂಟ 2013ರಲ್ಲಿ ತಂದ ವರದಿಯೊಂದು, ಈ ಹುದ್ದೆಯ ಗಮನ ಗ್ರಂಥಪಾಲಕರು ಮಾಡುವ ಕೆಲಸಗಳಿಂದ ಬಳಕೆದಾರರ ಬೋಧನೆ, ಕಲಿಕೆ, ಸಂಶೋಧನೆಗಳತ್ತ ಹೊರಳುತ್ತಿದೆ ಎಂದು ಗುರುತಿಸಿತು. ದತ್ತಾಂಶ ನಿರ್ವಹಣೆ, ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಮುಕ್ತ ಪ್ರಕಟಣೆ, ಒಬ್ಬೊಬ್ಬ ಸಂಶೋಧಕರನ್ನೂ ಬೇರೆಯಾಗಿ ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಗುರುತು ಇವೆಲ್ಲ ಈಗ ಈ ಮಾತುಕತೆಯೊಳಗೇ ಬರುತ್ತವೆ.

ಈ ನಂಟು ಕೆಡುವುದು ಹೆಚ್ಚಾಗಿ ಎರಡು ಕಡೆ. ವಿಭಾಗದಲ್ಲಿ ಒಬ್ಬರನ್ನೇ ನೆಚ್ಚಿಕೊಂಡರೆ, ಅವರು ರಜೆಗೆ ಹೋದ ದಿನ ಕೊಂಡಿ ಕಳಚುತ್ತದೆ; ಇನ್ನೊಬ್ಬರ ಹೆಸರೂ ದಾಖಲೆಯಲ್ಲಿರಲಿ. ಇನ್ನೊಂದು, ಎಲ್ಲರಿಗೂ ಒಟ್ಟಿಗೆ ಕಳಿಸುವ 'ಯಾವ ಪುಸ್ತಕ ಬೇಕು ತಿಳಿಸಿ' ಎಂಬ ಇಮೇಲ್. ಅದಕ್ಕೆ ಉತ್ತರ ಬರುವುದು ಅಪರೂಪ. 'ಮೂರನೇ ಘಟಕಕ್ಕೆ ನೀವು ಹೇಳಿರುವ ಪುಸ್ತಕದ 4ನೇ ಆವೃತ್ತಿ ನಮ್ಮಲ್ಲಿಲ್ಲ, 2ನೇದಿದೆ. ಅದೇ ಸಾಕೇ ಸರ್?' ಎಂದು ಕೇಳಿ, ಉತ್ತರ ಬರುತ್ತದೆ.