ವರಾಹ ಮುದ್ರೆಯೂ ಡಿಜಿಟಲ್ ಸಹಿಯೂ

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಗೆ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಪ್ರಿಂಟರಿನ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ. ನಿಂಬೆಹಣ್ಣು ಯಾರ ಖಾತೆಯ ಹಣವನ್ನೂ ಕದಿಯುವುದಿಲ್ಲ. ಸಿಟ್ಟು ಬರುವುದು ಅಂಗಡಿಯವರು ಯಾವುದಾದರೂ ತಂತ್ರಾಂಶ ತೋರಿಸಿ ಗಿರಾಕಿಗಳಿಗೆ ಹೇಳುವ ಇನ್ನೊಂದು ಮಾತಿಗೆ: “ಇದಕ್ಕೆ ಡಿಜಿಟಲ್ ಸಹಿ ಇದೆಯಲ್ಲರೀ, ಕಣ್ಣು ಮುಚ್ಚಿ ಹಾಕಿಕೊಳ್ಳಿ.” ಸಹಿ ಹಾಕುವುದೇ ಕಣ್ಣು ತೆರೆದು ನೋಡಲಿ ಎಂದು!

ನಮ್ಮ ಕಡೆಯ ತಾಮ್ರಶಾಸನಗಳನ್ನು ನೆನೆಸಿಕೊಳ್ಳಿ. ತಾಮ್ರದ ಹಲಗೆಗಳಿಗೆ ರಂಧ್ರ ಕೊರೆದು, ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ಎರಡು ತುದಿಗಳನ್ನು ರಾಜಮುದ್ರೆಯೊಳಗೆ ಬೆಸೆಯುತ್ತಿದ್ದರು. ಬಾದಾಮಿ ಚಾಲುಕ್ಯರದಾದರೆ ಅದರ ಮೇಲೆ ವರಾಹ. ನಡುವೆ ಒಂದು ಹಲಗೆ ತುರುಕಬೇಕೆಂದರೆ ಬಳೆ ಕತ್ತರಿಸಲೇಬೇಕು. ಅದಕ್ಕೇ ಜೆ. ಎಫ್. ಫ್ಲೀಟ್‌ರಂಥ ವಿದ್ವಾಂಸರು, ಹಲಗೆಗಳು ತಮ್ಮ ಕೈಸೇರುವ ಮೊದಲೇ ಬಳೆ ಕತ್ತರಿಸಲಾಗಿತ್ತೇ ಎಂಬುದನ್ನೂ ಟಿಪ್ಪಣಿ ಮಾಡುತ್ತಿದ್ದರು. ಲಿಪಿಯೂ ಕಾಲವೂ ತಾಳೆಯಾಗದ ಎಷ್ಟೋ ಗಂಗ ಶಾಸನಗಳನ್ನು ಫ್ಲೀಟ್ ಕೂಟ ಶಾಸನಗಳೆಂದು, ಅಂದರೆ ನಕಲಿ ಎಂದು, ತಳ್ಳಿಹಾಕಿದರು. ಅವುಗಳಲ್ಲಿ ಕೆಲವು ಅಸಲಿ ಎಂದು ಮುಂದೆ ಬೇರೆಯವರು ವಾದಿಸಿದರು. ಆ ಜಗಳ ಇನ್ನೊಂದು ದಿನಕ್ಕಿರಲಿ.

ಲೋಹದ ಮುದ್ರೆಗೆ ಒಂದು ದೌರ್ಬಲ್ಯವಿತ್ತು. ಯಾವ ದಾನಕ್ಕಾದರೂ ಅದೇ ವರಾಹ. ಒಂದು ಶಾಸನದ ಮುದ್ರೆಯನ್ನು ಕಿತ್ತು ಇನ್ನೊಂದಕ್ಕೆ ಬೆಸೆದರೆ ವರಾಹ ಬಾಯಿ ಬಿಡುವುದಿಲ್ಲ. ಡಿಜಿಟಲ್ ಸಹಿಯ ಸೊಗಸು ಇರುವುದೇ ಇಲ್ಲಿ: ಅದರ ಮುದ್ರೆ ಶಾಸನದ ಅಕ್ಷರಗಳಿಂದಲೇ ಹುಟ್ಟುತ್ತದೆ. ಕಡತ ಎಷ್ಟೇ ದೊಡ್ಡದಿರಲಿ, ಎಸ್‌ಎಚ್‌ಎ-256 ಎಂಬ ಲೆಕ್ಕ ಅದನ್ನು 256 ಬಿಟ್‌ಗಳಿಗೆ, ಅಂದರೆ ಅಷ್ಟು ಸೊನ್ನೆ-ಒಂದುಗಳಿಗೆ, ಇಳಿಸುತ್ತದೆ. ಕಡಾಯಿ ತುಂಬ ಹಾಲನ್ನು ಬತ್ತಿಸಿ ಬತ್ತಿಸಿ ಒಂದೇ ಒಂದು ಧಾರವಾಡ ಪೇಡೆ ಮಾಡಿದಂತೆ ಎನ್ನಿ. ಪೇಡೆಯಿಂದ ಹಾಲಿಗೆ ಮರಳುವ ದಾರಿಯಿಲ್ಲ. ಹಾಲಿಗೆ ಒಂದು ಹನಿ ನೀರು ಬೆರೆತಿದ್ದರೂ ಈ ಪೇಡೆಯ ರುಚಿ ಗುರುತೇ ಸಿಗದಷ್ಟು ಬದಲಾಗುತ್ತದೆ. ಒಂದು ಅಲ್ಪವಿರಾಮ ಕದಲಿದರೆ ಸುಮಾರು ಅರ್ಧದಷ್ಟು ಬಿಟ್‌ಗಳು ತಲೆಕೆಳಗಾಗುತ್ತವೆ. ತಯಾರಕರು ತಮ್ಮ ಗುಟ್ಟಿನ ಕೀಲಿಯಿಂದ (ಅದೊಂದು ದೊಡ್ಡ ಸಂಖ್ಯೆ) ಸಹಿ ಮಾಡುವುದು ಈ ಸಾರಕ್ಕೆ. ಆ ಸಹಿಯನ್ನು ಪರೀಕ್ಷಿಸುವ ಜೋಡಿ ಕೀಲಿ ಬಹಿರಂಗವಾಗಿರುತ್ತದೆ, ಯಾರು ಬೇಕಾದರೂ ಬಳಸಬಹುದು.

ಆದರೆ ಆ ಬಹಿರಂಗ ಕೀಲಿ ಅವರದೇ ಎನ್ನುವುದಕ್ಕೆ ಏನು ಖಾತರಿ? ಲೊರೆನ್ ಕೋನ್‌ಫೆಲ್ಡರ್ ಎಂಬ ವಿದ್ಯಾರ್ಥಿ 1978ರಲ್ಲಿ ಅಮೆರಿಕದ ಎಂಐಟಿಗೆ ಸಲ್ಲಿಸಿದ ಪದವಿ ಪ್ರಬಂಧದಲ್ಲಿ ಇದಕ್ಕೆ ಉಪಾಯ ಸೂಚಿಸಿದ: ಮೂರನೆಯವರೊಬ್ಬರು ‘ಈ ಕೀಲಿ ಇಂಥವರದು’ ಎಂದು ಸಹಿ ಮಾಡಿಕೊಡಲಿ. ಅದೇ ಪ್ರಮಾಣಪತ್ರ. ಆ ಮೂರನೆಯವರಿಗೆ ಇನ್ನೊಬ್ಬರು ಜಾಮೀನು, ಹೀಗೆ ಸರಪಳಿ ಮೇಲೇರಿ ಮೂಲ ಪ್ರಮಾಣಪತ್ರದಲ್ಲಿ ನಿಲ್ಲುತ್ತದೆ. ಇಂಥ ನೂರಕ್ಕೂ ಹೆಚ್ಚು ಮೂಲಗಳು ನಿಮ್ಮ ಬ್ರೌಸರಿನಲ್ಲಿ ಮೊದಲೇ ಬಂದು ಕುಳಿತಿವೆ. ಅವುಗಳಲ್ಲಿ ಒಂದನ್ನಾದರೂ ನೀವು ಆರಿಸಿದ್ದೀರಾ?

ಬೆಂಗೇರಿಯಲ್ಲಿ ತಯಾರಾಗುವ ರಾಷ್ಟ್ರಧ್ವಜಕ್ಕೆ ಭಾರತೀಯ ಮಾನಕ ಬ್ಯೂರೋದ ಮುದ್ರೆ ಇರುತ್ತದೆ. ಬಟ್ಟೆ, ಬಣ್ಣ, ಅಳತೆ ಸರಿಯಾಗಿದೆ ಎಂಬುದಕ್ಕೆ ಅದು ಸಾಕ್ಷಿ. ಧ್ವಜ ಹಾರಿಸುವವರ ನಡತೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ತಂತ್ರಾಂಶದ ಸಹಿಯದೂ ಇದೇ ಕಥೆ. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶದ ಕೆಲವು ಕಡತಗಳ ಮೇಲೆ ರಿಯಲ್‌ಟೆಕ್, ಜೆಮೈಕ್ರಾನ್ ಎಂಬ ತೈವಾನ್ ಕಂಪನಿಗಳ ಸರಿಯಾದ ಸಹಿಯೇ ಇತ್ತು. ಕೀಲಿ ಮಾತ್ರ ಕದ್ದದ್ದು. 2011ರಲ್ಲಿ ಪ್ರಮಾಣಪತ್ರ ಕೊಡುವ ಡಚ್ ಸಂಸ್ಥೆ ಡಿಜಿನೋಟಾರ್‌ಗೇ ಕನ್ನ ಬಿತ್ತು, ಗೂಗಲ್ ಹೆಸರಿನ ನಕಲಿ ಪ್ರಮಾಣಪತ್ರ ಹೊರಬಂತು, ಕೆಲವೇ ವಾರಗಳಲ್ಲಿ ಸಂಸ್ಥೆ ದಿವಾಳಿಯಾಯಿತು.

ಇನ್ನು ಕಾವಲಿಗೆಂದು ಇಟ್ಟುಕೊಳ್ಳುವ ಆಂಟಿವೈರಸ್. ಗೂಢಲಿಪಿಯಲ್ಲಿ ಬರುವ ಪುಟದೊಳಗೆ ವೈರಸ್ ಹುಡುಕಲು ಅವುಗಳಲ್ಲಿ ಹಲವು ತಮ್ಮದೇ ಮೂಲ ಪ್ರಮಾಣಪತ್ರವನ್ನು ಯಂತ್ರದಲ್ಲಿ ನೆಡುತ್ತವೆ. ಬಾಗಿಲಲ್ಲಿ ನಿಂತ ಕಾವಲುಗಾರ ಬಳೆ ಕತ್ತರಿಸಿ, ಶಾಸನ ಓದಿ, ಹೊಸ ಬಳೆ ತೊಡಿಸಿ, ತನ್ನ ಮುದ್ರೆ ಒತ್ತಿ ಒಳಗೆ ಕಳಿಸಿದಂತೆ. ಬ್ರೌಸರ್ ಪಟ್ಟಿಯಲ್ಲಿ ಆ ಮುದ್ರೆಯೂ ಇರುವುದರಿಂದ ಅದು ಸುಮ್ಮನಿರುತ್ತದೆ. ಕಾವಲುಗಾರ ನಿಪುಣನಾದರೆ ಸರಿ, ಇಲ್ಲದಿದ್ದರೆ ಕಷ್ಟ. 2015ರಲ್ಲಿ ಸುದ್ದಿಯಾದ ಸೂಪರ್‌ಫಿಶ್ ಎಂಬುದು ಆಂಟಿವೈರಸ್ ಅಲ್ಲ, ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಜಾಹೀರಾತು ತೋರಿಸಲು ಮೊದಲೇ ಹಾಕಿದ್ದ ತಂತ್ರಾಂಶ. ಅದೂ ಇದೇ ವಿದ್ಯೆ ಬಳಸಿತ್ತು. ಎಲ್ಲ ಯಂತ್ರಗಳಲ್ಲೂ ಒಂದೇ ಗುಟ್ಟಿನ ಕೀಲಿ! ಒಂದರಿಂದ ಅದನ್ನು ಹೊರತೆಗೆದವನಿಗೆ ಉಳಿದವರೆಲ್ಲರ ಬಾಗಿಲೂ ತೆರೆದಂತೆಯೇ.

ಇದನ್ನೆಲ್ಲ ಹೇಳಿದಾಗ ಅಂಗಡಿಯವರು ನಕ್ಕರು. ಅವರದೇ ಕಂಪ್ಯೂಟರಿನಲ್ಲಿ ಒಂದು ಸುದ್ದಿತಾಣ ತೆರೆದು, ವಿಳಾಸದ ಪಕ್ಕದ ಗುರುತು ಒತ್ತಿ ಪ್ರಮಾಣಪತ್ರ ತೋರಿಸಿದೆ. ‘ನೀಡಿದವರು’ ಎಂಬಲ್ಲಿ ಅವರು ಹಾಕಿಕೊಂಡಿದ್ದ ಆಂಟಿವೈರಸ್‌ನ ಹೆಸರಿತ್ತು. ಅವರು ಕನ್ನಡಕ ಸರಿಮಾಡಿಕೊಂಡು ಇನ್ನೊಂದು ತಾಣ ತೆರೆದರು. ಅಲ್ಲೂ ಅದೇ ಹೆಸರು. “ಇದು ಯಾವಾಗ ಒಳಗೆ ಬಂತು?” ಎಂದು ನನ್ನನ್ನೇ ಕೇಳಿದರು.