ಸರಾಸರಿ ಮಳೆಗೆ ಬಾವಿ ತುಂಬುವುದಿಲ್ಲ

“ಸಿಸ್ಟಮ್‌ನಲ್ಲಿ ಹಾಗೇ ಬರ್ತದೆ ಅಕ್ಕ.”

ಉಡುಪಿಯ ಒಂದು ಸೈಬರ್ ಸೆಂಟರಿನಲ್ಲಿ ನಮ್ಮ ನೆರೆಮನೆಯ ಅಕ್ಕನಿಗೆ ಸಿಕ್ಕ ಉತ್ತರ ಇಷ್ಟೇ. ಅವರು ಬೀಡಿ ಕಟ್ಟುತ್ತಾರೆ. ಸರಕಾರದ ಒಂದು ಯೋಜನೆಯ ಹಣ ನಿಂತು ಐದು ತಿಂಗಳಾಗಿತ್ತು. ಪರದೆಯ ಮೇಲೆ ಒಂದೇ ಸಾಲು: ‘ತೆರಿಗೆ ಪಾವತಿದಾರರು, ಅರ್ಹರಲ್ಲ’. ಅಕ್ಕ ತೊಟ್ಟೆಯಿಂದ ಬೀಡಿಯ ಪಾಸ್‌ಬುಕ್ ತೆಗೆದು ಹುಡುಗನ ಮುಂದೆ ಹಿಡಿದರು. ಅವನಾದರೂ ಏನು ಮಾಡಿಯಾನು? ಕಚೇರಿಗೆ ಹೋದರೆ ಅಲ್ಲೂ ಅದೇ ಮಾತು. “ಕಂಪ್ಯೂಟರ್ ಸುಮ್ನೆ ಹೇಳೋದಿಲ್ಲ” ಅಂತ ಸಾಲಿನಲ್ಲಿದ್ದ ಒಬ್ಬರು ಸೇರಿಸಿದರು.

ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಕಂಪ್ಯೂಟರ್ ಲೆಕ್ಕ ತಪ್ಪುವುದಿಲ್ಲ, ಒಪ್ಪೋಣ. ಆದರೆ ಯಾವ ಲೆಕ್ಕ ಮಾಡಬೇಕು ಅಂತ ಅದಕ್ಕೆ ಹೇಳಿಕೊಟ್ಟವರು ಮನುಷ್ಯರು ಅಲ್ವಾ? ಒಂಚೂರೂ ತಪ್ಪಿಲ್ಲದ ಭಾಗಾಕಾರವೇ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ತಲೆಯ ಮೇಲೆ ಸಾಲ ಹೊರಿಸಿದ್ದುಂಟು.

ಅದು ನಡೆದದ್ದು ಆಸ್ಟ್ರೇಲಿಯಾದಲ್ಲಿ. ಜನ ಅದನ್ನು ‘ರೋಬೋಡೆಟ್’, ಅಂದರೆ ಯಂತ್ರ ಹೊರಿಸಿದ ಸಾಲ, ಎಂದು ಕರೆದರು. ಅಲ್ಲಿ ಕೆಲಸವಿಲ್ಲದವರಿಗೆ, ಅಲ್ಪಸ್ವಲ್ಪ ದುಡಿಮೆ ಇರುವವರಿಗೆ ಸರಕಾರ ಎರಡು ವಾರಕ್ಕೊಮ್ಮೆ ನೆರವು ಕೊಡುತ್ತದೆ. ಆ ಎರಡು ವಾರದಲ್ಲಿ ದುಡಿದದ್ದೆಷ್ಟು ಅಂತ ನೋಡಿ ನೆರವು ನಿಗದಿಯಾಗುತ್ತದೆ. ಕಂಪ್ಯೂಟರ್ ಮಾಡಿದ್ದೇನು? ತೆರಿಗೆ ಇಲಾಖೆಯಿಂದ ಇಡೀ ವರ್ಷದ ಆದಾಯ ತೆಗೆದುಕೊಂಡು 26ರಿಂದ ಭಾಗಿಸಿತು. ಬಂದ ಸರಾಸರಿಯನ್ನೇ ಪ್ರತಿ ಎರಡು ವಾರದ ಗಳಿಕೆ ಎಂದುಕೊಂಡಿತು. ‘ನೀವು ಜಾಸ್ತಿ ನೆರವು ಪಡೆದಿದ್ದೀರಿ, ವಾಪಸ್ ಕಟ್ಟಿ’ ಎಂದು ಪತ್ರಗಳು ಹೊರಟವು.

ಇದನ್ನು ಮಲ್ಪೆಗೆ ತಂದು ನೋಡಿ. ಬೋಟಿನಲ್ಲಿ ದುಡಿಯುವ ಒಬ್ಬ ವರ್ಷಕ್ಕೆ 2,60,000 ರೂಪಾಯಿ ಗಳಿಸಿದ ಎನ್ನಿ. 26ರಿಂದ ಭಾಗಿಸಿದರೆ ಎರಡು ವಾರಕ್ಕೆ 10,000. ಆದರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಬೋಟು ದಕ್ಕೆಯಲ್ಲಿ ಕಟ್ಟಿರುತ್ತದೆ, ಕೈಯಲ್ಲಿ ಕಾಸಿಲ್ಲ. ಸರಾಸರಿಯ ಪ್ರಕಾರ ಮಾತ್ರ ಆಗಲೂ ಅವನು ನಲ್ವತ್ತು ಸಾವಿರಕ್ಕೂ ಹೆಚ್ಚು ಗಳಿಸಿದ್ದಾನೆ! ಇನ್ನೂ ಹತ್ತಿರದ ಲೆಕ್ಕ ಬೇಕಾ? ನಮ್ಮ ಕರಾವಳಿಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 333. ಹಾಗಾದರೆ ಏಪ್ರಿಲಿನಲ್ಲೂ ಬಾವಿ ತುಂಬಿರಬೇಕಿತ್ತು. ಕೊಡಪಾನ ಇಳಿಸಿದವರಿಗೆ ಗೊತ್ತು, ಅದು ಕಲ್ಲಿಗೆ ತಾಗಿ ಠಣ್ ಎನ್ನುತ್ತದೆ. ಸರಾಸರಿ ವರ್ಷದ ಕತೆ ಹೇಳುತ್ತದೆ. ಆ ತಿಂಗಳ ಹಸಿವು ಅದರೊಳಗೆ ಕಾಣುವುದೇ ಇಲ್ಲ.

ಗಮನಿಸಿ, ಇದರಲ್ಲಿ ಕೃತಕ ಬುದ್ಧಿಮತ್ತೆಯೇ ಇರಲಿಲ್ಲ. ನಾಲ್ಕನೇ ಕ್ಲಾಸಿನ ಭಾಗಾಕಾರ ಸಾಕಾಯಿತು. 2019ರಲ್ಲಿ ನ್ಯಾಯಾಲಯ ಇಂಥ ಸರಾಸರಿಯ ಮೇಲೆ ಹೊರಿಸಿದ ಸಾಲ ಕಾನೂನುಬದ್ಧವಲ್ಲ ಎಂದಿತು. 2023ರ ರಾಯಲ್ ಕಮಿಷನ್ (ಸರಕಾರ ನೇಮಿಸಿದ ಉನ್ನತ ತನಿಖಾ ಆಯೋಗ) ವರದಿ ಆ ವ್ಯವಸ್ಥೆಯನ್ನು ಕ್ರೂರ ಎಂದೇ ಕರೆಯಿತು.

ಅದೇ ದೇಶದ ಇನ್ನೊಂದು ಪ್ರಕರಣ ನನ್ನ ನಿದ್ದೆ ಕೆಡಿಸಿದೆ. 2018ರ ಪಿಂಟಾರಿಚ್ ಪ್ರಕರಣ. ತೆರಿಗೆ ಕಚೇರಿಯ ಕಂಪ್ಯೂಟರ್ ಸಿದ್ಧಪಡಿಸಿದ ಪತ್ರವನ್ನು ನಂಬಿ ಒಬ್ಬರು ಇಡಿಗಂಟು ಕಟ್ಟಿದರು, ಬಡ್ಡಿ ಮನ್ನಾ ಆಯಿತು ಎಂದುಕೊಂಡರು. ಆಮೇಲೆ ಕಚೇರಿ ಇಲ್ಲ ಎಂದಿತು. ನ್ಯಾಯಾಲಯದ ಬಹುಮತ ಕಚೇರಿಯ ಪರ ನಿಂತಿತು: ಪತ್ರದ ಹಿಂದೆ ಯಾರೂ ಮನಸ್ಸಿಟ್ಟು ಯೋಚಿಸಿರಲಿಲ್ಲ, ಆದ್ದರಿಂದ ಅದು ‘ತೀರ್ಮಾನ’ವೇ ಅಲ್ಲ! ಇದರ ಅರ್ಥ ಸ್ವಲ್ಪ ಕೂತು ಯೋಚಿಸಿ. ಯಂತ್ರ ಕೊಟ್ಟದ್ದು ತೀರ್ಮಾನವೇ ಅಲ್ಲದಿದ್ದರೆ ನಾವು ಮೇಲ್ಮನವಿ ಹಾಕುವುದು ಯಾವುದರ ಮೇಲೆ? ಮೂವರಲ್ಲಿ ಒಬ್ಬ ನ್ಯಾಯಮೂರ್ತಿ ಇದನ್ನು ಒಪ್ಪಲಿಲ್ಲ. ನನ್ನ ಮನಸ್ಸು ಅವರ ಕಡೆಗೇ.

ನಮ್ಮಲ್ಲಿ ಇಂಥದ್ದನ್ನು ಪ್ರಶ್ನಿಸಲು ಕಾನೂನಿನ ನೆಲೆ ಇನ್ನಷ್ಟು ಗಟ್ಟಿ. ಅದರ ಚರಿತ್ರೆಗೆ ಮಂಗಳೂರಿನ ನಂಟಿದೆ. ಇಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿದ್ದರು. 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅಲ್ಲಿಂದ ಬಂದ ಮೇಲೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ 21ನೇ ವಿಧಿಯಲ್ಲಿ ಅಮೆರಿಕದ ‘ಡ್ಯೂ ಪ್ರೊಸೆಸ್’ (ನ್ಯಾಯಸಮ್ಮತ ಪ್ರಕ್ರಿಯೆ) ಎಂಬ ಮಾತು ಉಳಿಯಲಿಲ್ಲ. ‘ಕಾನೂನು ಗೊತ್ತುಪಡಿಸಿದ ವಿಧಾನ’ ಎಂಬುದು ಬಂತು. ವಿಧಾನ ಹೇಗಿದ್ದರೂ ಆಯಿತೇ? 1978ರ ಮನೇಕಾ ಗಾಂಧಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಎಂದಿತು. ಅವರ ಪಾಸ್‌ಪೋರ್ಟ್ ಕಿತ್ತುಕೊಂಡು ಕಾರಣ ಹೇಳದ ಸರಕಾರಕ್ಕೆ, ವಿಧಾನ ನ್ಯಾಯವಾಗಿರಬೇಕು, ಎದುರಿನವರ ಮಾತು ಕೇಳಬೇಕು ಎಂದು ಹೇಳಿತು. ಕಂಪ್ಯೂಟರಿಗೆ ಇದರಿಂದ ವಿನಾಯಿತಿ ಎಲ್ಲೂ ಇಲ್ಲ.

‘ಸಿಸ್ಟಮ್ ಮಾಡಿದ್ದು, ನಾವಲ್ಲ’ ಎನ್ನುವುದಕ್ಕೂ ದಾರಿಯಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 11ನೇ ಕಲಂ ಪ್ರಕಾರ, ತಾನಾಗಿ ಕೆಲಸ ಮಾಡುವಂತೆ ಪ್ರೋಗ್ರಾಂ ಮಾಡಿಟ್ಟ ವ್ಯವಸ್ಥೆ ಕಳಿಸಿದ ದಾಖಲೆ ಅದನ್ನು ಮಾಡಿಸಿಟ್ಟವರದ್ದೇ. ಆದಾಯ ತೆರಿಗೆಯಲ್ಲಿ ಈ ಎಚ್ಚರ ಚೆನ್ನಾಗಿ ಕೂತಿದೆ. ಕಂಪ್ಯೂಟರ್ ನಿಮ್ಮ ರಿಟರ್ನ್‌ನಲ್ಲಿ ತಿದ್ದುಪಡಿ ಮಾಡುವ ಮೊದಲು ನಿಮಗೆ ತಿಳಿಸಬೇಕು, ಉತ್ತರಕ್ಕೆ 30 ದಿನ ಕೊಡಬೇಕು. ತೆರಿಗೆ ಕಟ್ಟುವವರಿಗೆ ಇರುವ ಈ ಮೂವತ್ತು ದಿನ ರೇಷನ್ ಕಾರ್ಡಿನವರಿಗೆ ಯಾಕಿಲ್ಲ? ತೆಲಂಗಾಣದಲ್ಲಿ ಸುಮಾರು 19 ಲಕ್ಷ ಕಾರ್ಡುಗಳು ಹೀಗೆ ರದ್ದಾಗಿದ್ದವು. ಸ್ಥಳಕ್ಕೇ ಹೋಗಿ ಮರುಪರಿಶೀಲಿಸಿ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಅಕ್ಕನಿಗೆ ನಾನು ಬಿಳಿ ಹಾಳೆಯಲ್ಲಿ ಒಂದು ಅರ್ಜಿ ಬರೆದುಕೊಟ್ಟೆ. ಮಾಹಿತಿ ಹಕ್ಕು ಕಾಯ್ದೆ, 2005ರ 4(1)(ಡಿ) ಕಲಂ ಪ್ರಕಾರ, ತೀರ್ಮಾನದಿಂದ ಬಾಧಿತರಾದವರಿಗೆ ಕಚೇರಿ ಕಾರಣ ತಿಳಿಸಬೇಕು. ಅದನ್ನೇ ಮೇಲೆ ಬರೆದು ಎರಡು ಪ್ರಶ್ನೆ ಹಾಕಿದೆ. ಯಾವ ದಾಖಲೆ ನೋಡಿ ನನ್ನನ್ನು ತೆರಿಗೆ ಪಾವತಿದಾರಳು ಎಂದಿರಿ? ಹಾಗೆ ತೀರ್ಮಾನಿಸಿದ ಅಧಿಕಾರಿ ಯಾರು?

ಗುಮಾಸ್ತರು ಎರಡನೇ ಪ್ರಶ್ನೆಯನ್ನು ಎರಡು ಸಲ ಓದಿದರು. ಆಮೇಲೆ ಪ್ರತಿಯ ಮೇಲೆ ಸೀಲು ಒತ್ತಿ ತಾರೀಕು ಹಾಕಿದರು. ಶಾಯಿ ಒಣಗುವವರೆಗೆ ಅಕ್ಕ ಅದನ್ನು ಗಾಳಿಗೆ ಹಿಡಿದು ನಿಂತರು, ನಾಲ್ಕಾಗಿ ಮಡಚಿ ಬೀಡಿ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡರು.