ಕೊಡಗಿನಲ್ಲಿ ಹಕ್ಕಿ ನೋಡಲು ಸ್ಪಾಟಿಂಗ್ ಸ್ಕೋಪ್: ಆರಿಸುವ ಮೊದಲು ತಿಳಿದಿರಬೇಕಾದದ್ದು

ಸ್ಪಾಟಿಂಗ್ ಸ್ಕೋಪ್ ಅಂದರೆ ಟ್ರೈಪಾಡ್ ಮೇಲಿಟ್ಟು ಒಂದು ಕಣ್ಣಿನಿಂದ ದೂರದ ಹಕ್ಕಿ ನೋಡುವ ದೂರದರ್ಶಕ. ದುಬಾರಿ ಸ್ಕೋಪ್ ಅಂದ ಕೂಡಲೇ ಎಲ್ಲರೂ ಕೇಳುವುದು "ಎಷ್ಟು ಎಕ್ಸ್ ಬರುತ್ತೆ?" ಅಂತ. ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ. ನಮ್ಮ ಕೊಡಗಿಗೆ ಮೊದಲು ಕೇಳಬೇಕಾದದ್ದು ಬೆಳಕಿನ ಬಗ್ಗೆ. ಇಲ್ಲಿ ಬೆಳಗ್ಗೆ ಮಂಜು, ಮಳೆಗಾಲದಲ್ಲಿ ದಿನವಿಡೀ ಮೋಡ, ಹಕ್ಕಿ ಚುರುಕಾಗಿರುವ ಹೊತ್ತಿಗೇ ಬೆಳಕು ಕಡಿಮೆ.

ಕಾಫಿ ತೋಟದೊಳಗೆ ಸ್ಕೋಪ್ ಬೇಕಾಗುವುದೇ ಅಪರೂಪ. ಮರದ ನೆರಳಲ್ಲಿ ಹತ್ತಿರದ ಹಕ್ಕಿಗೆ 8x42 (8 ಪಟ್ಟು, 42 ಎಂಎಂ ಲೆನ್ಸ್) ಬೈನಾಕ್ಯುಲರ್ ಸಾಕು. ಸ್ಕೋಪ್ ಬೇಕಾಗುವುದು ಚಿಕ್ಲಿಹೊಳೆ, ಹಾರಂಗಿ ಹಿನ್ನೀರಿನ ದಡದಲ್ಲಿ, ತಲಕಾವೇರಿ ಕಡೆಯ ಬೆಟ್ಟದಲ್ಲಿ ನಿಂತು ಹದ್ದು ಹುಡುಕುವಾಗ, ಕಣಿವೆಯ ಆಚೆ ಹಣ್ಣಾದ ಅತ್ತಿ ಮರಕ್ಕೆ ಮಂಗಟ್ಟೆ ಬಂದಾಗ.

ಈಗ ಸಣ್ಣ ಲೆಕ್ಕ. ಮುಂದಿನ ಲೆನ್ಸಿನ ಅಗಲವನ್ನು ಎಕ್ಸ್‌ನಿಂದ ಭಾಗಿಸಿ. ಬರುವುದು ಎಕ್ಸಿಟ್ ಪ್ಯೂಪಿಲ್, ಅಂದರೆ ಸ್ಕೋಪಿನಿಂದ ಹೊರಬಂದು ಕಣ್ಣಿಗೆ ಬೀಳುವ ಬೆಳಕಿನ ವೃತ್ತದ ಅಗಲ. 85 ಎಂಎಂ ಸ್ಕೋಪ್ 25ಎಕ್ಸ್‌ನಲ್ಲಿ 3.4 ಎಂಎಂ ಕೊಡುತ್ತದೆ, 60ಎಕ್ಸ್‌ಗೆ ಹೋದರೆ 1.4ಕ್ಕೆ ಇಳಿಯುತ್ತದೆ. 65 ಎಂಎಂ ಆದರೆ 60ಎಕ್ಸ್‌ನಲ್ಲಿ ಬರೀ 1.1. ಮೋಡದ ದಿನ ಅದು ಮಬ್ಬಾಗಿಯೇ ಕಾಣುವುದು. 65ಕ್ಕಿಂತ 85 ಎಂಎಂ ಲೆನ್ಸ್ ಸುಮಾರು 1.7 ಪಟ್ಟು ಬೆಳಕು ಹಿಡಿಯುತ್ತದೆ, ಆದರೆ ತೂಕವೂ ಜಾಸ್ತಿ. ತಡಿಯಂಡಮೋಳ್‌ಗೆ (1748 ಮೀಟರ್) ಹೊತ್ತು ಹತ್ತುವವರು 65 ತೆಗೆದುಕೊಳ್ಳುವುದೇ ಸರಿ, ಜೀಪಿನಿಂದ ಇಳಿದು ಹಿನ್ನೀರಿನ ಬಳಿ ನಿಲ್ಲುವವರಿಗೆ 85 ಅಥವಾ 95.

ಇನ್ನು ಗಾಜು. ಕಪ್ಪು ಕೊಂಬೆ ಬಿಳಿ ಆಕಾಶಕ್ಕೆ ಎದುರಾಗಿದ್ದಾಗ ಅಂಚಿನಲ್ಲಿ ನೇರಳೆ ಅಥವಾ ಹಸಿರು ಗೆರೆ ಕಂಡರೆ, ಬೇರೆ ಬೇರೆ ಬಣ್ಣದ ಬೆಳಕು ಒಂದೇ ಕಡೆ ಸೇರುತ್ತಿಲ್ಲ ಎಂದರ್ಥ. ಎಕ್ಸ್ ಏರಿಸಿದಂತೆ ಈ ಗೆರೆ ಎದ್ದು ಕಾಣುತ್ತದೆ. ದುಬಾರಿ ಸ್ಕೋಪಿನ ದುಡ್ಡಿನ ದೊಡ್ಡ ಪಾಲು ಹೋಗುವುದು ಇದನ್ನು ತಗ್ಗಿಸಲು. ಕೋವಾ ಕಂಪನಿಯ 883 ಸ್ಕೋಪಿನಲ್ಲಿ ಇದಕ್ಕಾಗಿಯೇ ಫ್ಲೋರೈಟ್ ಹರಳಿನ ಲೆನ್ಸ್ ಇದೆ. ಸ್ವರೋವ್ಸ್ಕಿ ಎಟಿಎಕ್ಸ್‌ನಲ್ಲಿ ಕಣ್ಣಿನ ಕಡೆಯ ಭಾಗ ಒಂದೇ, ಮುಂದಿನ ಭಾಗವನ್ನು 65, 85, 95 ಅಂತ ಬದಲಿಸಬಹುದು. ಬೆಟ್ಟಕ್ಕೊಂದು, ನೀರಿಗೊಂದು ಬೇಕು ಅನ್ನುವವರಿಗೆ ಇದು ನಿಜಕ್ಕೂ ಅನುಕೂಲ. ಜೈಸ್ ಹಾರ್ಪಿಯಾ, ಲೈಕಾ ಟೆಲಿವಿಡ್ ಕೂಡ ಇದೇ ದರ್ಜೆಯ ದುಬಾರಿ ಸ್ಕೋಪ್‌ಗಳು.

ಈ ಸ್ಪಷ್ಟತೆ ಯಾಕೆ ಬೇಕು ಅಂದರೆ, ಚಳಿಗಾಲದಲ್ಲಿ ಕೆಸರಿನ ಮೇಲೆ ಓಡಾಡುವ ಲಿಟಲ್ ಸ್ಟಿಂಟ್ ಮತ್ತು ಟೆಮ್ಮಿಂಕ್ಸ್ ಸ್ಟಿಂಟ್ ಎಂಬ ಹಕ್ಕಿಗಳು ಎರಡೂ ಗುಬ್ಬಿಯಷ್ಟೇ ಇರುತ್ತವೆ, ಮೊದಲನೆಯದರ ಕಾಲು ಕಪ್ಪು, ಎರಡನೆಯದರದ್ದು ಹಳದಿ ಛಾಯೆಯದು, ಆ ಕಾಲಿಗೆ ಕೆಸರು ಬೇರೆ ಮೆತ್ತಿರುತ್ತದೆ. 60ಎಕ್ಸ್‌ನ ಮಂಕು ಚಿತ್ರಕ್ಕಿಂತ 35ಎಕ್ಸ್‌ನ ಚೊಕ್ಕ ಚಿತ್ರದಲ್ಲಿ ಯಾವುದು ಯಾವ ಹಕ್ಕಿ ಅಂತ ಬೇಗ ಗೊತ್ತಾಗುತ್ತದೆ. ಬಿಸಿಲು ಏರಿದ ಮೇಲಂತೂ ನೀರಿನ ಮೇಲಿನ ಗಾಳಿ ಅಲುಗಾಡುತ್ತದೆ, ಆಗ ಎಷ್ಟು ದುಡ್ಡಿನ ಸ್ಕೋಪ್ ಆದರೂ 60ಎಕ್ಸ್ ಸುಮ್ನೆ.

ಕಣ್ಣಿಡುವ ಭಾಗ ಕೊಳವೆಯ ನೇರಕ್ಕಿರುವ ನೇರ ಸ್ಕೋಪೋ, ಮೇಲಕ್ಕೆ ಬಾಗಿರುವ ಓರೆ ಸ್ಕೋಪೋ? ಗುಂಪಿನಲ್ಲಿ ನೋಡುವವರಿಗೆ ಓರೆ. ಎತ್ತರದವರು ಸ್ವಲ್ಪ ಬಗ್ಗಿದರೆ ಸಾಕು, ಟ್ರೈಪಾಡ್ ತಗ್ಗಿಸಿಟ್ಟರೆ ಗಾಳಿಗೂ ಅಲುಗುವುದಿಲ್ಲ, ಮೇಲಿನ ಕೊಂಬೆ ನೋಡಲು ಕತ್ತು ನೋಯುವುದಿಲ್ಲ. ಟ್ರೈಪಾಡಿಗೆ ದುಡ್ಡು ಉಳಿಸಬೇಡಿ, ಅದು ನಡುಗಿದರೆ ಗಾಜಿಗೆ ಕೊಟ್ಟ ದುಡ್ಡೆಲ್ಲ ದಂಡ. ಕನ್ನಡಕದವರು ಕನ್ನಡಕ ಹಾಕಿಕೊಂಡೇ ಸ್ಕೋಪಿನೊಳಗಿನ ದುಂಡು ನೋಟ ಅಂಚಿನವರೆಗೂ ಪೂರ್ತಿ ಕಾಣುತ್ತದಾ ನೋಡಿ.

ಅಂಗಡಿಯಲ್ಲಿ ಸ್ಕೋಪನ್ನು ಹೊರಗೆ ತಂದು ದೂರದ ಕರೆಂಟ್ ಕಂಬಕ್ಕೆ ಹಿಡಿಯಿರಿ. ಪೂರ್ತಿ ಎಕ್ಸ್ ಏರಿಸಿ ಫೋಕಸ್ ತಿರುಗಿಸಿದಾಗ ಚಿತ್ರ ಒಂದೇ ಜಾಗದಲ್ಲಿ ಥಟ್ಟನೆ ಚೊಕ್ಕವಾಗಬೇಕು. ಅಲ್ಲೇ ಹಿಂದೆ ಮುಂದೆ ಹುಡುಕುವಂತಾದರೆ ಆ ಪೀಸ್ ಬೇಡ, ಅದೇ ಮಾಡೆಲ್‌ನ ಇನ್ನೊಂದು ಕೇಳಿ. ಒಂದೇ ಕಂಪನಿಯ ಎರಡು ಪೀಸ್‌ಗಳ ನಡುವೆಯೂ ವ್ಯತ್ಯಾಸ ಇರುತ್ತದೆ.

ತಂದ ಮೇಲೆ ಬೂಷ್ಟಿನ ಚಿಂತೆ. ಒಳಗೆ ನೈಟ್ರೋಜನ್ ತುಂಬಿರುವುದರಿಂದ ಒಳಗಡೆ ಆವಿ ಕಟ್ಟುವುದಿಲ್ಲ, ಆದರೆ ಹೊರಗಿನ ಗಾಜಿಗೆ ಮಡಿಕೇರಿಯ ಜುಲೈ ತಿಂಗಳು ಒಳ್ಳೆಯದಲ್ಲ. ಒದ್ದೆ ಚೀಲದಲ್ಲಿ ಹಾಗೇ ಬಿಡಬೇಡಿ. ಒರೆಸಿ, ಒಣಗಿಸಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಡ್ರೈ ಕ್ಯಾಬಿನೆಟ್ ಇದ್ದರೆ ತೇವಾಂಶ 40ರಿಂದ 50 ಶೇಕಡಾ ಇರಲಿ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಹದ ಬಿಸಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು.